ವಂತಿಗೆ ಕಟ್ಟಿದವರಿಗೆ 1,000, ಕಟ್ಟದವರಿಗೆ 1,200: ಸಕ್ಕರೆ ಸೀಮೆಯ ಪಿಂಚಣಿ ಲೆಕ್ಕ

ಕಾರ್ಖಾನೆಯಲ್ಲಿ ದುಡಿದು, ಪಗಾರದಿಂದ ಪಿಎಫ್ ಕಡಿತ ಮಾಡಿಸಿಕೊಂಡ ಕಾರ್ಮಿಕನಿಗೆ ಕೇಂದ್ರ ಸರ್ಕಾರ ಖಾತರಿ ಕೊಟ್ಟಿರುವ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಇದು 2014ರ ಸೆಪ್ಟೆಂಬರ್‌ನಲ್ಲಿ ಗೊತ್ತುಮಾಡಿದ ಮೊತ್ತ. ಪಿಎಫ್ ಹೆಸರೇ ಕೇಳದ ಕೂಲಿಕಾರನಿಗೆ 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ರಾಜ್ಯ ಸರ್ಕಾರ ಕೊಡುವುದು 1,200 ರೂಪಾಯಿ. ಮೊದಲನೆಯವನು ಎರಡನೆಯದಕ್ಕೆ ಅರ್ಜಿ ಹಾಕುವಂತಿಲ್ಲ. ಬೇರೆ ಯಾವುದೇ ಪಿಂಚಣಿ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಸಿಗದು ಎಂಬುದು ನಿಯಮ. ವರ್ಷಗಟ್ಟಲೆ ವಂತಿಗೆ ಕಟ್ಟಿದ್ದಕ್ಕೆ ತಿಂಗಳಿಗೆ 200 ರೂಪಾಯಿ ಕಡಿಮೆ.

ಇದು ಅನ್ಯಾಯವೇ ಸರಿ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು ಕಡೆ ಆಗುತ್ತಿದೆ. 2,500 ರೂಪಾಯಿ ಬರಬೇಕಾದವರು ದಾಖಲೆಯ ತಪ್ಪಿನಿಂದ 1,000ಕ್ಕೆ ಇಳಿಯುವುದು, ಪಿಂಚಣಿಗೆ ಅರ್ಹರಾದವರು ‘ನಿಮಗೆ ಹತ್ತು ವರ್ಷ ತುಂಬಿಲ್ಲ’ ಎಂಬ ಮಾತು ಕೇಳಿ ರೊಕ್ಕ ಹಿಂಪಡೆದು ಮನೆಗೆ ಹೋಗುವುದು. ಸರ್ಕಾರ ಮೊತ್ತ ಏರಿಸುವವರೆಗೆ ಕಾಯಬೇಕು ನಿಜ, ಆದರೆ ಲೆಕ್ಕ ಸರಿಮಾಡಿಸಿಕೊಳ್ಳಲು ಕಾಯಬೇಕಿಲ್ಲ.

ಯಾರು ಯಾವ ಪಿಂಚಣಿಗೆ ಸೇರುತ್ತಾರೆ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. 2006ರ ಏಪ್ರಿಲ್ 1ಕ್ಕಿಂತ ಮೊದಲು ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ, ನಂತರ ಸೇರಿದವರಿಗೆ ಎನ್‌ಪಿಎಸ್, ಅಂದರೆ ವಂತಿಗೆ ಆಧಾರಿತ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಇವರಿಗೆ ಖಜಾನೆಯೂ ನೌಕರರ ಸಂಘವೂ ಇವೆ, ಹೇಳಿಕೊಡುವವರಿಗೆ ಬರವಿಲ್ಲ. ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು, ಸಾರಿಗೆ ಸಂಸ್ಥೆಯ ಬಸ್ಸುಗಳು, ಇಂಥ ಕಡೆ ದುಡಿದವರು ಪಿಎಫ್‌ಗೆ ಅಂಟಿಕೊಂಡ ನೌಕರರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್-95ಕ್ಕೆ ಸೇರುತ್ತಾರೆ. ನಿಪ್ಪಾಣಿ ಕಡೆ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಣ್ಣುಮಕ್ಕಳೂ ಇದಕ್ಕೇ ಸೇರುತ್ತಾರೆ. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲೇ ಹೇಳಿದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರು, ಕಬ್ಬು ಕಡಿಯುವ ಗ್ಯಾಂಗಿನವರು, ಹೊಲದ ಕೂಲಿಗಳು, ಸಣ್ಣ ಹಿಡುವಳಿದಾರರು ಹೆಚ್ಚಾಗಿ ಸಂಧ್ಯಾ ಸುರಕ್ಷಾ ಅಥವಾ ವೃದ್ಧಾಪ್ಯ ವೇತನದ ಕಡೆಗೆ ಬರುತ್ತಾರೆ.

ಐದು ತಿಂಗಳ ಹಂಗಾಮು, ಪೂರ್ತಿ ವರ್ಷದ ಸೇವೆ

ಇಪಿಎಸ್ ಸೂತ್ರ ಸರಳ: ಪಿಂಚಣಿಗೆ ಪರಿಗಣಿಸುವ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಪಗಾರ ಎಂದರೆ ಕೊನೆಯ 60 ತಿಂಗಳ ಸರಾಸರಿ. ಅದಕ್ಕೊಂದು ಮಿತಿ ಇದೆ. 2014ರ ಆಗಸ್ಟ್ 31ರವರೆಗಿನ ಸೇವೆಗೆ 6,500 ರೂಪಾಯಿ, ನಂತರದ ಸೇವೆಗೆ 15,000 ರೂಪಾಯಿ. ಪಗಾರ 30,000 ಇದ್ದರೂ ಸಾಮಾನ್ಯವಾಗಿ ಲೆಕ್ಕ ಈ ಮಿತಿಯೊಳಗೇ ಆಗುತ್ತದೆ.

2000ದ ಸೆಪ್ಟೆಂಬರ್‌ನಲ್ಲಿ ಸೇರಿ 2025ರ ಆಗಸ್ಟ್‌ಗೆ 58 ತುಂಬಿ ನಿವೃತ್ತನಾದ ಕಾಯಂ ಕಾರ್ಮಿಕನನ್ನು ತೆಗೆದುಕೊಳ್ಳಿ. ಸರಾಸರಿ ಪಗಾರ 15,000 ದಾಟಿದೆ. ಮೊದಲ 14 ವರ್ಷಕ್ಕೆ 6,500ರ ಲೆಕ್ಕದಲ್ಲಿ 1,300 ರೂಪಾಯಿ, ಮುಂದಿನ 11 ವರ್ಷಕ್ಕೆ 15,000ದ ಲೆಕ್ಕದಲ್ಲಿ 2,357 ರೂಪಾಯಿ, ಒಟ್ಟು 3,657. ಇಪ್ಪತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸೇವೆ ಮಾಡಿದವರಿಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರುತ್ತದೆ, ಆಗ ನಾಲ್ಕು ಸಾವಿರದ ಆಸುಪಾಸು ಬರುತ್ತದೆ. ಪಿಂಚಣಿ ಆದೇಶದಲ್ಲಿ ಈ ಎರಡು ವರ್ಷ ಸೇರಿದೆಯೇ ಎಂದು ನೋಡಿಕೊಳ್ಳುವವರು ಕಡಿಮೆ.

ಇನ್ನು ಹಂಗಾಮಿ, ಅಂದರೆ ಹಂಗಾಮಿನಲ್ಲಿ ಮಾತ್ರ ದುಡಿಯುವ ಕಾರ್ಮಿಕ. ಕಾರ್ಖಾನೆ ಕಬ್ಬು ನುರಿಸುವುದು ವರ್ಷದಲ್ಲಿ ಐದಾರು ತಿಂಗಳು. ಉಳಿದ ತಿಂಗಳು ಪಗಾರವಿಲ್ಲ, ವಂತಿಗೆಯೂ ಇಲ್ಲ. 2007ರಿಂದ 2025ರವರೆಗೆ 18 ಹಂಗಾಮು, ಪ್ರತಿ ಹಂಗಾಮಿಗೆ ಐದು ತಿಂಗಳು ದುಡಿದವನ ವಂತಿಗೆ ಪಾವತಿಯಾದ ತಿಂಗಳು ಎಣಿಸಿದರೆ 90, ಅಂದರೆ ಏಳೂವರೆ ವರ್ಷ. ತಿಂಗಳ ಪಿಂಚಣಿಗೆ ಬೇಕಾದ್ದು ಹತ್ತು ವರ್ಷ. ಹೀಗಾಗಿ ‘ಅರ್ಹನಲ್ಲ’ ಎಂಬ ಉತ್ತರ ಬರುತ್ತದೆ.

ಆ ಉತ್ತರ ತಪ್ಪು. ಹಂಗಾಮಿ ಕೆಲಸದವರು ಯಾವುದೇ ವರ್ಷದಲ್ಲಿ ನಿಜವಾಗಿ ಸೇವೆ ಮಾಡಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೂ ಅದನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು ಎಂದು ಇಪಿಎಸ್-95ರ 9ನೇ ಪ್ಯಾರಾದ ವಿವರಣೆಯಲ್ಲೇ ಬರೆದಿದೆ. ಆ ಪ್ರಕಾರ ಈತನ ಸೇವೆ 18 ವರ್ಷ.

ಪಗಾರದ ಸರಾಸರಿಯಲ್ಲೂ ಇಂಥದೇ ಗುಂಡಿ ಇದೆ. ತಿಂಗಳಿಗೆ 12,000 ಪಗಾರ, ವರ್ಷಕ್ಕೆ ಐದು ತಿಂಗಳು ಎಂದರೆ ಐದು ವರ್ಷದಲ್ಲಿ 3 ಲಕ್ಷ. ಅದನ್ನು ಸುಮ್ಮನೆ 60 ತಿಂಗಳಿಗೆ ಹಂಚಿದರೆ ಸರಾಸರಿ 5,000ಕ್ಕೆ ಬಿದ್ದುಹೋಗುತ್ತದೆ. ನಿಯಮದ ಪ್ರಕಾರ ವಂತಿಗೆಯಿಲ್ಲದ ಅವಧಿ ನಡುವೆ ಬಂದರೆ, ಒಟ್ಟು ಪಗಾರವನ್ನು ನಿಜವಾಗಿ ಪಗಾರ ಪಡೆದ ದಿನಗಳಿಂದ ಭಾಗಿಸಿ 30ರಿಂದ ಗುಣಿಸಬೇಕು. ಆಗ ಸರಾಸರಿ 12,000ವೇ ನಿಲ್ಲುತ್ತದೆ. ಲೆಕ್ಕ ಪೂರ್ತಿ ಸರಿಹೋದರೆ ಮೊದಲ ಏಳು ವರ್ಷಕ್ಕೆ 650, ಮುಂದಿನ 11 ವರ್ಷಕ್ಕೆ 1,885, ಒಟ್ಟು ತಿಂಗಳಿಗೆ ಸುಮಾರು 2,535 ರೂಪಾಯಿ. ‘ಅರ್ಹನಲ್ಲ’ ಎನಿಸಿಕೊಂಡವನಿಗೆ ಜೀವನಪೂರ್ತಿ ಬರಬೇಕಾದ ರೊಕ್ಕ ಇದು.

ಇದನ್ನು ಪಡೆಯಲು ಕಾರ್ಖಾನೆಯ ಟೈಮ್ ಆಫೀಸಿನಿಂದ ಒಂದು ಪತ್ರ ಬೇಕು. ಈ ಕಾರ್ಮಿಕ ಹಂಗಾಮಿ ನೌಕರ ಎಂದು ಸ್ಪಷ್ಟವಾಗಿ ಬರೆದು, ಪ್ರತಿ ಹಂಗಾಮಿನ ಆರಂಭ ಮತ್ತು ಕೊನೆಯ ದಿನಾಂಕ, ಪಗಾರ ಕೊಟ್ಟ ದಿನಗಳು, ಪಗಾರವಿಲ್ಲದ ದಿನಗಳು, ಇಷ್ಟನ್ನು ವರ್ಷವಾರು ಕೊಡಬೇಕು. ಪಿಂಚಣಿ ಅರ್ಜಿಯಾದ ಫಾರ್ಮ್ 10-ಡಿ ಜೊತೆ ಇದನ್ನು ಲಗತ್ತಿಸಿ. ನಿವೃತ್ತಿಯ ದಿನ ಓಡಾಡುವ ಬದಲು 55ರ ಆಸುಪಾಸಿನಲ್ಲೇ ಕೇಳಿ ಇಟ್ಟುಕೊಳ್ಳುವುದು ಲೇಸು. ಕಾರ್ಖಾನೆ ಲೀಸಿಗೆ ಹೋಗಿ ಆಡಳಿತ ಬದಲಾದರೆ ಹಳೆಯ ಮಸ್ಟರ್ ಪುಸ್ತಕ ಹುಡುಕಿಸುವುದು ಕಷ್ಟ.

ದಾಖಲೆ ಎಲ್ಲಿ ಕೆಡುತ್ತದೆ

ಉಮಂಗ್ ಆ್ಯಪ್‌ನಲ್ಲಿ ಅಥವಾ ಪಿಎಫ್ ಜಾಲತಾಣದಲ್ಲಿ ಪಾಸ್‌ಬುಕ್ ತೆರೆದರೆ ಪಿಂಚಣಿ ವಂತಿಗೆಗೆ ಬೇರೆ ಕಾಲಂ ಇರುತ್ತದೆ. ಮಾಲೀಕರ ಪಾಲಿನ ಶೇ 12ರಲ್ಲಿ ಶೇ 8.33 ಅಲ್ಲಿಗೆ ಹೋಗಬೇಕು. 12,000 ಪಗಾರಕ್ಕೆ 1,000, 15,000 ಮತ್ತು ಅದಕ್ಕಿಂತ ಮೇಲಿನ ಪಗಾರಕ್ಕೆ 1,250. ಆ ಕಾಲಂನಲ್ಲಿ ಸೊನ್ನೆ ಇದ್ದರೆ ವಂತಿಗೆ ಪಿಂಚಣಿಗೆ ಹೋಗಿಲ್ಲ ಎಂದರ್ಥ. ಗುತ್ತಿಗೆದಾರನ ಕೆಳಗೆ ದುಡಿಯುವವರು ಇದನ್ನು ತಪ್ಪದೆ ನೋಡಬೇಕು. ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮೂಲ ಕಾರ್ಖಾನೆಯದೇ ಎಂದು ಕಾಯ್ದೆ ಹೇಳುತ್ತದೆ.

ಅದೇ ಜಾಗದಲ್ಲಿ ಸೇವಾ ಇತಿಹಾಸವೂ ಸಿಗುತ್ತದೆ. ಪ್ರತಿ ಹಂಗಾಮಿಗೆ ಹೊಸ ಸದಸ್ಯ ಸಂಖ್ಯೆ ಬಿದ್ದಿದೆಯೇ, ಒಬ್ಬರಿಗೇ ಎರಡು ಯುಎಎನ್ (ಪಿಎಫ್‌ನ ಸಾರ್ವತ್ರಿಕ ಖಾತೆ ಸಂಖ್ಯೆ) ಇವೆಯೇ ನೋಡಿ. ಇದ್ದರೆ ಹಳೆಯದನ್ನು ಹೊಸದಕ್ಕೆ ವರ್ಗಾಯಿಸಬೇಕು, ಇಲ್ಲವಾದರೆ ತುಂಡು ತುಂಡು ಸೇವೆ ಒಂದಾಗುವುದಿಲ್ಲ. ಬಿಟ್ಟ ದಿನಾಂಕವನ್ನು ಮಾಲೀಕರು ನಮೂದಿಸದಿದ್ದರೆ ಕೊನೆಯ ವಂತಿಗೆ ಕಟ್ಟಿದ ಎರಡು ತಿಂಗಳ ನಂತರ ಸದಸ್ಯರೇ ಆನ್‌ಲೈನ್‌ನಲ್ಲಿ ನಮೂದಿಸಬಹುದು.

ಹೆಸರು ಮತ್ತು ಹುಟ್ಟಿದ ದಿನಾಂಕ ನಮ್ಮ ಭಾಗದ ದೊಡ್ಡ ತೊಡಕು. ಗೇಟ್ ಪಾಸಿನಲ್ಲಿ ‘ಬಸು’, ಶಾಲೆ ದಾಖಲೆಯಲ್ಲಿ ‘ಬಸಪ್ಪ’, ಆಧಾರ್‌ನಲ್ಲಿ ‘ಬಸವರಾಜ’. ಅಡ್ಡಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ಗಡಿ ಭಾಗದಲ್ಲಿ ಮರಾಠಿ ದಾಖಲೆಯಿಂದ ಇಂಗ್ಲಿಷಿಗೆ ಬಂದಾಗ ಕಾಗುಣಿತವೇ ಬೇರೆ. ಹುಟ್ಟಿದ ದಿನಾಂಕವಂತೂ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಜನವರಿ 1. ಪಿಎಫ್ ದಾಖಲೆಯನ್ನು ಆಧಾರ್‌ಗೆ ಹೊಂದಿಸಲು ಜಂಟಿ ಘೋಷಣೆ ಸಲ್ಲಿಸಬೇಕು. 2017ರ ಅಕ್ಟೋಬರ್ ನಂತರ ಕೊಟ್ಟ ಯುಎಎನ್ ಆಧಾರ್‌ನೊಂದಿಗೆ ಪರಿಶೀಲನೆಯಾಗಿದ್ದರೆ ಸದಸ್ಯರೇ ತಿದ್ದಿಕೊಳ್ಳಬಹುದು, ಹಳಬರಿಗೆ ಮಾಲೀಕರ ಒಪ್ಪಿಗೆ ಬೇಕು. ಕಾರ್ಖಾನೆ ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿಯಂಥವರಿಂದ ದೃಢೀಕರಿಸಿ ಪಿಎಫ್ ಕಚೇರಿಗೆ ಕೊಡುವ ದಾರಿ ಇದೆ. ಮೊದಲು ಆಧಾರ್ ಸರಿಯಿದೆಯೇ ನೋಡಿಕೊಂಡು ಆಮೇಲೆ ಪಿಎಫ್ ತಿದ್ದಿಸಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ.

ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಗೂ ‘ನಿಧಿ ಆಪ್ಕೆ ನಿಕಟ್’ ಎಂಬ ಪಿಎಫ್ ಶಿಬಿರ ನಡೆಯುತ್ತದೆ. ದೂರದ ಕಚೇರಿಗೆ ಅಲೆಯುವ ಮುಂಚೆ ಅಲ್ಲಿ ಕಾಗದ ತೋರಿಸುವುದು ಒಳ್ಳೆಯದು.

ಇನ್ನೊಂದು ನಷ್ಟ ನಾವೇ ಮಾಡಿಕೊಳ್ಳುವಂಥದ್ದು. ಕೆಲಸ ಬಿಟ್ಟಾಗ ಪಿಎಫ್ ಜೊತೆ ಪಿಂಚಣಿ ರೊಕ್ಕವನ್ನೂ ಫಾರ್ಮ್ 10-ಸಿ ಹಾಕಿ ತೆಗೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಆರು ವರ್ಷ ಒಂದು ಕಡೆ, ಏಳು ವರ್ಷ ಇನ್ನೊಂದು ಕಡೆ ದುಡಿದವರು ನಡುವೆ ತೆಗೆಯದಿದ್ದರೆ 13 ವರ್ಷದ ಪಿಂಚಣಿಗೆ ಅರ್ಹರು, ತೆಗೆದಿದ್ದರೆ ಏನೂ ಇಲ್ಲ. ಅದೇ 10-ಸಿ ಫಾರ್ಮಿನಲ್ಲಿ ರೊಕ್ಕದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿದರೆ ಸೇವೆ ಉಳಿಯುತ್ತದೆ. ಆರು ತಿಂಗಳು ಮತ್ತು ಮೇಲ್ಪಟ್ಟ ಅವಧಿಯನ್ನು ಒಂದು ವರ್ಷವೆಂದು ಎಣಿಸುವುದರಿಂದ ಒಂಬತ್ತೂವರೆ ವರ್ಷ ಆದವರೂ ಹತ್ತು ವರ್ಷದವರೇ.

ಪೂರ್ಣ ಪಿಂಚಣಿ 58ಕ್ಕೆ. 50ರ ನಂತರ ಮುಂಚಿತವಾಗಿ ಪಡೆಯಬಹುದಾದರೂ ವರ್ಷಕ್ಕೆ ಶೇ 4ರಂತೆ ಕಡಿತ, ಅದು ಕೊನೆಯವರೆಗೂ ಹಾಗೇ ಇರುತ್ತದೆ. ಮದುವೆ, ಬೋರ್‌ವೆಲ್ ಎಂದು 52ಕ್ಕೇ ಪಿಂಚಣಿ ತೆರೆಯುವುದು ದುಬಾರಿ ಆತುರ. ತುಟ್ಟಿಭತ್ಯೆಯಿಲ್ಲದ ಪಿಂಚಣಿ ಇದು, ಮೊದಲ ದಿನ ಗೊತ್ತಾದ ಮೊತ್ತವೇ ಮುಂದೆಯೂ. ಕೈಕಾಲು ಗಟ್ಟಿಯಿದ್ದು ಬೇರೆ ಆದಾಯವಿದ್ದರೆ 60ರವರೆಗೆ ಮುಂದೂಡಿ ವರ್ಷಕ್ಕೆ ಶೇ 4 ಹೆಚ್ಚಿಸಿಕೊಳ್ಳುವ ಅವಕಾಶವೂ ಇದೆ.

ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಅರ್ಧ ಪಿಂಚಣಿ, ಕನಿಷ್ಠ 1,000. ಅದಕ್ಕಾಗಿ ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಆಕೆಯ ಹೆಸರು ಮತ್ತು ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇರಬೇಕು. ತವರಿನ ಹೆಸರು ಒಂದು, ಗಂಡನ ಮನೆಯಲ್ಲಿ ಇಟ್ಟ ಹೆಸರು ಇನ್ನೊಂದು ಇರುವ ತಾಯಂದಿರು ನಮ್ಮಲ್ಲಿ ಬಹಳ. ಗಂಡ ಇರುವಾಗಲೇ ತಿದ್ದಿಸಿದರೆ ಅವನ ಒಂದು ಸಹಿ ಸಾಕು, ಆಮೇಲೆ ಅಫಿಡವಿಟ್, ಸಾಕ್ಷಿ ಎಂದು ತಿಂಗಳುಗಟ್ಟಲೆ ಅಲೆದಾಟ.

ಜೀವಂತ ಪ್ರಮಾಣಪತ್ರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನವೆಂಬರ್ ಎಂಬುದು ಸರ್ಕಾರಿ ಪಿಂಚಣಿದಾರರ ತಿಂಗಳು. ಇಪಿಎಸ್‌ನವರು ಯಾವ ತಿಂಗಳಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಕಬ್ಬು ಕಡಿದು, ಮಗ್ಗ ಹೊಡೆದು ಬೆರಳ ಗೆರೆ ಸವೆದವರಿಗೆ ಯಂತ್ರ ಬೆರಳು ಗುರುತಿಸದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡುವ ವಿಧಾನ ಇದೆ. ಅಂಚೆಯಣ್ಣ ಮನೆಗೇ ಬಂದು ಮಾಡಿಕೊಡುತ್ತಾರೆ.

ಸಂಧ್ಯಾ ಸುರಕ್ಷಾ: 32,000ದ ಗೆರೆ

2007ರಲ್ಲಿ ಶುರುವಾದ ಈ ಯೋಜನೆ ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗಾಗಿ ಇದೆ. ಮೊತ್ತ 2021ರಲ್ಲಿ 1,000ದಿಂದ 1,200ಕ್ಕೆ ಏರಿತು. ಕಟ್ಟಡ ಕಾರ್ಮಿಕರಿಗೆ ಅವರದೇ ಕಲ್ಯಾಣ ಮಂಡಳಿಯ ಪಿಂಚಣಿ ಇರುವುದರಿಂದ ಅವರು ಇದರಿಂದ ಹೊರಗೆ. 60 ತುಂಬಿ 65 ಆಗದ ಬಿಪಿಎಲ್ ಕುಟುಂಬದವರು ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಕೇಳಬೇಕು. ಅದರಲ್ಲಿ ಕೇಂದ್ರದ ಪಾಲು 79ನೇ ವಯಸ್ಸಿನವರೆಗೆ ಕೇವಲ 200 ರೂಪಾಯಿ. 2007ರಲ್ಲಿ ಇದ್ದದ್ದೇ ಇಂದಿಗೂ ಇದೆ. ಉಳಿದದ್ದನ್ನು ರಾಜ್ಯ ಭರಿಸುತ್ತಿದೆ.

ಅರ್ಹತೆಯ ಗೆರೆ ವರ್ಷಕ್ಕೆ 32,000 ರೂಪಾಯಿ ಆದಾಯ, ಅರ್ಜಿದಾರ ಮತ್ತು ಗಂಡ ಅಥವಾ ಹೆಂಡತಿ ಇಬ್ಬರದೂ ಸೇರಿ. ಈ ಗೆರೆ ಎಷ್ಟು ಕೆಳಗಿದೆ ನೋಡಿ: 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ನೂರು ದಿನ ಕೆಲಸ ಮಾಡಿದರೆ 37,000. ಸರ್ಕಾರ ತಾನೇ ಕೊಡುವ ಕೂಲಿಯನ್ನು ಪೂರ್ತಿ ದುಡಿದ ಮುದಿ ದಂಪತಿ ಸರ್ಕಾರದ್ದೇ ಪಿಂಚಣಿಗೆ ಅನರ್ಹರು. ಕಾಗದದಲ್ಲಿ ಈ ಗೆರೆ ಉಳಿದಿರುವುದರಿಂದಲೇ ಆದಾಯ ಪ್ರಮಾಣಪತ್ರಕ್ಕಾಗಿ ಮಧ್ಯವರ್ತಿಗಳ ಹಿಂದೆ ಹೋಗುವ ಸ್ಥಿತಿ ಬಂದಿದೆ. ಕೂಲಿ ದರ ಏರಿದಂತೆ ಮಿತಿಯೂ ತಾನಾಗಿ ಏರುವಂತೆ ಮಾಡುವುದು ನ್ಯಾಯ. ಅದೇ ರೀತಿ ಇಪಿಎಸ್‌ನಿಂದ 1,200ಕ್ಕಿಂತ ಕಡಿಮೆ ಬರುವವರಿಗೆ 65ರ ನಂತರ ವ್ಯತ್ಯಾಸದ ಮೊತ್ತವನ್ನು ರಾಜ್ಯ ತುಂಬಿಕೊಡಬಹುದು. ಕನಿಷ್ಠ ಪಿಂಚಣಿ 7,500 ಮಾಡಿ, ತುಟ್ಟಿಭತ್ಯೆ ಸೇರಿಸಿ ಎಂದು ಇಪಿಎಸ್ ನಿವೃತ್ತರು ವರ್ಷಗಳಿಂದ ಕೇಳುತ್ತಿದ್ದಾರೆ, ಅದು ದೆಹಲಿಯಲ್ಲಿ ತೀರ್ಮಾನವಾಗಬೇಕು. ಈ 200 ರೂಪಾಯಿ ತುಂಬಿಕೊಡುವ ಕೆಲಸ ಬೆಂಗಳೂರಿನಲ್ಲೇ ಆಗುವಂಥದ್ದು.

ಸದ್ಯಕ್ಕೆ ಕುಟುಂಬಗಳು ಗಮನಿಸಬೇಕಾದ್ದು: ಗಂಡನಿಗೆ ಇಪಿಎಸ್ ಬರುತ್ತಿದ್ದರೆ ಹೆಂಡತಿಯ ದಾರಿ ಮುಚ್ಚಿಲ್ಲ. ಗಂಡನ ತಿಂಗಳ 1,000 ಎಂದರೆ ವರ್ಷಕ್ಕೆ 12,000. ಇಬ್ಬರ ಆದಾಯ 32,000 ದಾಟದಿದ್ದರೆ, ತನ್ನ ಹೆಸರಿನಲ್ಲಿ ಪಿಂಚಣಿ ಇಲ್ಲದ ಹೆಂಡತಿ 65 ತುಂಬಿದಾಗ ಅರ್ಜಿ ಹಾಕಬಹುದು.

ಅರ್ಜಿ ಹಾಕುವುದು ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಫೋಟೊ ಬೇಕು. ಜನ ಇಂದಿಗೂ ತಲಾಟಿ ಎನ್ನುವ ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆ ಮಾಡುತ್ತಾರೆ, ಕಂದಾಯ ನಿರೀಕ್ಷಕರ ವರದಿಯ ನಂತರ ಮಂಜೂರಾತಿ. ಆಧಾರ್‌ನಲ್ಲಿ ಒಂದು ವಯಸ್ಸು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಆಧಾರ್‌ನಲ್ಲಿ ವಯಸ್ಸು ಒಂದು ವರ್ಷ ಕಡಿಮೆ ಬಿದ್ದರೆ ಕಳೆದುಕೊಳ್ಳುವುದು 14,400 ರೂಪಾಯಿ. ಊರ ಶಾಲೆಯಲ್ಲಿ ಎರಡನೇ ಇಯತ್ತೆ ಓದಿದ್ದರೂ ಅಲ್ಲಿನ ರಿಜಿಸ್ಟರಿನ ಉತಾರ ತೆಗೆಸುವುದು ಲಾಭ.

ಮಂಜೂರಾದ ಪಿಂಚಣಿ ಏಕಾಏಕಿ ನಿಂತರೆ ಮೊದಲು ಬ್ಯಾಂಕನ್ನು ನೋಡಿ. ಈ ಹಣ ಖಾತೆ ಸಂಖ್ಯೆಗೆ ಅಲ್ಲ, ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದ ದಾಖಲೆಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಕೊಟ್ಟಿದ್ದರೆ ಪಿಂಚಣಿ ಆ ಖಾತೆಯಲ್ಲಿ ಕೂತಿರಬಹುದು. ಕೆವೈಸಿ ನವೀಕರಿಸದೆ ಖಾತೆ ಸ್ಥಗಿತವಾಗಿದ್ದರೂ ಹಣ ಮರಳುತ್ತದೆ. ಇಪಿಎಸ್‌ನದ್ದು ಖಾತೆ ಸಂಖ್ಯೆಯ ಮೇಲೆ ನಡೆಯುವ ಪಾವತಿ. ನಮ್ಮ ಭಾಗದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ಒಂದಾಗಿರುವುದರಿಂದ ಹಳೆಯ ಪಾಸ್‌ಬುಕ್ ಇಟ್ಟುಕೊಂಡವರು ಶಾಖೆಗೆ ಹೋಗಿ ಖಾತೆ ವಿವರ, ಐಎಫ್‌ಎಸ್‌ಸಿ ಕೋಡ್ ಒಮ್ಮೆ ಖಚಿತ ಮಾಡಿಕೊಳ್ಳಬೇಕು.

ಬ್ಯಾಂಕಿನಲ್ಲಿ ತಪ್ಪಿಲ್ಲ ಎಂದಾದರೆ ತಡೆ ತಾಲೂಕು ಕಚೇರಿಯಲ್ಲಿದೆ. ಇಂಡಿ, ಸಿಂದಗಿ ಕಡೆಯಿಂದ ಕಬ್ಬು ಕಡಿಯಲು ಮಕ್ಕಳ ಜೊತೆ ಸಾಂಗಲಿ, ಕೊಲ್ಹಾಪುರಕ್ಕೆ ಹೋದ ಹಿರಿಯರು ಪರಿಶೀಲನೆಗೆ ಬಂದ ದಿನ ಊರಲ್ಲಿರದಿದ್ದರೆ ‘ವಾಸವಿಲ್ಲ’ ಎಂದು ದಾಖಲಾಗುವ ಅಪಾಯವಿದೆ. ಹೋಗುವ ಮುಂಚೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಮೊಬೈಲ್ ಸಂಖ್ಯೆ ಕೊಡುವುದು ಕ್ಷೇಮ. ನಿಂತ ಮೇಲೆ ಪಿಂಚಣಿ ಅದಾಲತ್‌ನಲ್ಲಿ ಆಧಾರ್, ಹಳೆಯ ಮಂಜೂರಾತಿ ಆದೇಶ, ಪಾಸ್‌ಬುಕ್ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಂದಾಯ ಇಲಾಖೆಯ ಸಹಾಯವಾಣಿ 155245.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ‘ಸಾಹೇಬ್ರು ಆಗಂಗಿಲ್ಲ ಅಂದ್ರು’ ಎಂದು ಬಾಯಿಮಾತು ನಂಬಿ ಮರಳಿದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ. ಬರಹದ ಆದೇಶ ಕೈಯಲ್ಲಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಆ ಕಚೇರಿಗಳು ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ, ಬಾಗಲಕೋಟೆ, ಜಮಖಂಡಿ, ವಿಜಯಪುರ ಮತ್ತು ಇಂಡಿಯಲ್ಲಿವೆ. ಮಕ್ಕಳು ನೋಡಿಕೊಳ್ಳುತ್ತಿಲ್ಲ ಎಂದು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶ ಕೇಳುವ ಅರ್ಜಿಯನ್ನೂ ಇದೇ ಉಪವಿಭಾಗಾಧಿಕಾರಿ ವಿಚಾರಿಸುತ್ತಾರೆ. ಪಿಂಚಣಿ ಮೇಲ್ಮನವಿಗೆ ಹೋದವರು ಅಗತ್ಯವಿದ್ದರೆ ಆ ಅರ್ಜಿಯನ್ನೂ ಅದೇ ದಿನ ಕೊಟ್ಟು ಬರಬಹುದು.